ಲೆನ್ಸ್ ಹುಡ್

ಲೆನ್ಸ್ ಹುಡ್ ಎಂಬುದು ಕ್ಯಾಮೆರಾ ಮಸೂರದ ಮುಂಭಾಗಕ್ಕೆ ಜೋಡಿಸುವ, ಅನಗತ್ಯ ಬೆಳಕನ್ನು ತಡೆಯುವ ಮರೆ. ಇದನ್ನು ಪ್ಲಾಸ್ಟಿಕ್, ಲೋಹ ಅಥವಾ ರಬ್ಬರಿನಿಂದ ತಯಾರಿಸಲಾಗುತ್ತದೆ.

ಕಾರ್ಯವಿಧಾನ

ಚಿತ್ರದ ಚೌಕಟ್ಟಿನ ಹೊರಗಿರುವ ಸೂರ್ಯ ಅಥವಾ ದೀಪದ ಬೆಳಕು ಮಸೂರದ ಮೇಲೆ ಓರೆಯಾಗಿ ಬಿದ್ದಾಗ, ಒಳಗಿನ ಗಾಜುಗಳ ನಡುವೆ ಪ್ರತಿಫಲಿಸುತ್ತದೆ. ಇದರಿಂದ ಚಿತ್ರದಲ್ಲಿ ಫ್ಲೇರ್ ಎಂಬ ಬೆಳಕಿನ ಕಲೆಗಳು ಮೂಡಬಹುದು. ಕಪ್ಪು ಭಾಗಗಳು ಬೂದುಬಣ್ಣಕ್ಕೆ ತಿರುಗಿ ಚಿತ್ರ ಮಸುಕಾಗಬಹುದು. ಹುಡ್ ಈ ಬೆಳಕನ್ನು ತಡೆಯುತ್ತದೆ. ಆದರೆ ಸೂರ್ಯನೇ ಚೌಕಟ್ಟಿನೊಳಗಿದ್ದರೆ ಅದರಿಂದ ಪ್ರಯೋಜನವಿಲ್ಲ.

ವಿಧಗಳು

ಟೆಲಿಫೋಟೊ ಮಸೂರಗಳಿಗೆ ಉದ್ದನೆಯ ಕೊಳವೆಯಾಕಾರದ ಹುಡ್‌ಗಳೂ ವಿಶಾಲಕೋನ ಮಸೂರಗಳಿಗೆ ಗಿಡ್ಡನೆಯ, ಹೂವಿನ ಎಸಳಿನಾಕಾರದ ಹುಡ್‌ಗಳೂ ಸಾಮಾನ್ಯ. ಚೌಕಟ್ಟು ಆಯತಾಕಾರವಾಗಿರುವುದರಿಂದ, ಅದರ ಮೂಲೆಗಳಿಗೆ ಅಡ್ಡಬರದಂತೆ ಎಸಳುಗಳ ನಡುವೆ ಅಂಚನ್ನು ತಗ್ಗಿಸಲಾಗಿರುತ್ತದೆ. ಮಸೂರಕ್ಕೆ ಹೊಂದದ ಉದ್ದನೆಯ ಹುಡ್ ಬಳಸಿದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ಜೂಮ್ ಮಸೂರದ ಹುಡ್ ಸಾಮಾನ್ಯವಾಗಿ ಅದರ ಅತಿ ವಿಶಾಲ ಕೋನಕ್ಕೆ ಹೊಂದುವಂತಿರುತ್ತದೆ. ಆದ್ದರಿಂದ ದೂರದ ವಸ್ತುವನ್ನು ಹತ್ತಿರಕ್ಕೆ ತಂದಾಗ ಅದು ನೀಡುವ ಮರೆ ಸಾಲದಾಗಬಹುದು.

ಬಳಕೆ

ಬಿಸಿಲಿನಲ್ಲಿ ಮಾತ್ರವಲ್ಲದೆ, ರಾತ್ರಿ ಬೀದಿದೀಪಗಳ ನಡುವೆಯೂ ಹುಡ್ ಉಪಯುಕ್ತ. ಪೆಟ್ಟು, ಮಳೆಹನಿ ಮತ್ತು ಬೆರಳಚ್ಚುಗಳಿಂದಲೂ ಅದು ಗಾಜನ್ನು ರಕ್ಷಿಸುತ್ತದೆ. ಕ್ಯಾಮೆರಾದಲ್ಲೇ ಇರುವ ಫ್ಲ್ಯಾಶ್ ಬಳಸುವಾಗ ಹುಡ್‌ನ ನೆರಳು ಚಿತ್ರದ ಕೆಳಭಾಗದಲ್ಲಿ ಬೀಳಬಹುದಾದ್ದರಿಂದ ಅದನ್ನು ತೆಗೆಯುವುದು ಸೂಕ್ತ. ಬಲವಾದ ಗಾಳಿಯಲ್ಲಿ ಉದ್ದನೆಯ ಹುಡ್ ಟ್ರೈಪಾಡ್ ಮೇಲಿನ ಕ್ಯಾಮೆರಾವನ್ನು ಅಲುಗಾಡಿಸಬಹುದು. ಹಿಮ್ಮುಖವಾಗಿ ಜೋಡಿಸಿದ ಹುಡ್ ಸಾಗಿಸಲು ಅನುಕೂಲವೇ ಹೊರತು ಬೆಳಕನ್ನು ತಡೆಯುವುದಿಲ್ಲ. ಹುಡ್ ಇಲ್ಲದಿದ್ದಾಗ ಚೌಕಟ್ಟಿನ ಹೊರಗೆ ಅಂಗೈಯನ್ನು ಅಡ್ಡ ಹಿಡಿದು ಮಸೂರಕ್ಕೆ ನೆರಳು ಮಾಡಬಹುದು.