ಗೇಣಿಚೀಟಿನ ಹಳೆಯ ಮಾತುಗಳು



ಈಗಿನ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಗೇಣಿಚೀಟು ಉಂಟು. ಕೆಲವದರಲ್ಲಿ ‘ಮೂಲಗೇಣಿ’ ಅಂತ ಇದೆ, ಕೆಲವದರಲ್ಲಿ ‘ಚಾಲಗೇಣಿ’ ಅಂತ. ಎರಡೂ ಗೇಣಿಯೇ ಅಲ್ಲವೇ ಅಂತ ತಳ್ಳಿಹಾಕಬೇಡಿ. ಒಕ್ಕಲು ಊರಲ್ಲಿ ಉಳಿಯುವುದೋ, ಗಂಟುಮೂಟೆ ಕಟ್ಟುವುದೋ ಎಂಬುದು ಈ ಮಾತಿನ ಮೇಲೆ ನಿಂತಿತ್ತು.

1799ರಲ್ಲಿ ಈ ಸೀಮೆ ಕುಂಪಣಿ ಸರಕಾರದ ಕೈಸೇರಿತು. ಮೊದಲ ಕಲೆಕ್ಟರು ಥಾಮಸ್ ಮನ್ರೋ. ಇಲ್ಲಿಯ ಭೂಮಿ ಹಿಂದಿನಿಂದಲೂ ಖಾಸಗಿ ಸ್ವತ್ತು ಎಂದು ಅವರು ಮೇಲಿನವರಿಗೆ ಬರೆದರು. ಒಬ್ಬನ ಹೆಸರಿನ ಹಿಡುವಳಿಗೆ ‘ವರ್ಗ’ ಎಂದು ಹೆಸರು. ಸರಕಾರಕ್ಕೆ ತೀರ್ವೆ ಕಟ್ಟುವವನು ವರ್ಗದಾರ. ಅವನ ಕೈಕೆಳಗೆ ಗೇಣಿ ಒಕ್ಕಲು.

ಮೂಲ ಎಂದರೆ ಬೇರು. ಮೂಲಗೇಣಿದಾರನ ಹಕ್ಕು ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಗೊತ್ತುಮಾಡಿದ ಗೇಣಿಯನ್ನು ಧಣಿ ಏರಿಸುವ ಹಾಗಿಲ್ಲ. ಗೇಣಿ ಬಾಕಿ ಬಿದ್ದು ಬಿಡಿಸಿದರೂ, ಒಕ್ಕಲು ಮಾಡಿದ ಸುಧಾರಣೆಗೆ ಬೆಲೆ ಕೊಡಬೇಕಿತ್ತು. ‘ವಾಯಿದೆ ಗೇಣಿ’ ಇಷ್ಟು ವರ್ಷ ಅಂತ ಗಡುವು ಇದ್ದದ್ದು.

ಚಾಲಗೇಣಿ ವರ್ಷದಿಂದ ವರ್ಷಕ್ಕೆ ನಡೆಯುವಂಥದ್ದು. ಧಣಿ ಗೇಣಿ ಏರಿಸಬಹುದಿತ್ತು, ಬೇಡವೆಂದರೆ ಬಿಡಿಸಲೂಬಹುದಿತ್ತು. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷವಾದರೂ ಬೇಕು. ಬರುವ ವರ್ಷ ಗದ್ದೆ ಯಾರದೋ ಗೊತ್ತಿಲ್ಲದವನು ಸಸಿ ನೆಡುವುದೆಂತು? ಮಣ್ಣಿಗೆ ಗೊಬ್ಬರ ಹಾಕುವುದೆಂತು? ಗೇಣಿಯ ಅಕ್ಕಿ ಮುಡಿ ಕಟ್ಟಿ ಧಣಿಯ ಮನೆಗೆ ಹೊತ್ತು ಹಾಕಿದ ಮೇಲೆ ಮಳೆಗಾಲಕ್ಕೆ ಉಳಿಯುವುದು ಎಷ್ಟು? ಲೆಕ್ಕ ನೀವೇ ಹಾಕಿಕೊಳ್ಳಿ.

ಭೂಸುಧಾರಣೆ ಕಾಯಿದೆ 1961ರಲ್ಲಿ ಆಯಿತು, 1965ರ ಅಕ್ಟೋಬರ್ 2ರಂದು ಜಾರಿಗೆ ಬಂತು. 1974ರ ತಿದ್ದುಪಡಿ ಇನ್ನೂ ದೊಡ್ಡದು. ಆ ವರ್ಷದ ಮಾರ್ಚ್ 1ರಿಂದ ಗೇಣಿಯ ಜಮೀನೆಲ್ಲ ಸರಕಾರಕ್ಕೆ ಸೇರಿತು. ಉಳುವ ಗೇಣಿದಾರ 7ನೇ ನಮೂನೆಯ ಅರ್ಜಿ ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ತನ್ನ ಸಾಗುವಳಿ ತೋರಿಸಿ, ಮಾಲಿಕನಾಗಬಹುದಾಯಿತು. ಬಾಯಿಮಾತಿನ ಗೇಣಿಯವರಿಗೆ ಆಗ ಹಳೆಯ ರಶೀದಿಯ ಚೂರೂ ದೊಡ್ಡ ಆಧಾರ.

ಆದ್ದರಿಂದ ಹಳೆಯ ಚೀಟು, ರಶೀದಿ, ಮಂಡಳಿಯ ಆದೇಶ ಯಾವುದನ್ನೂ ಒಲೆಗೆ ಹಾಕಬೇಡಿ. ಗೆದ್ದಲು ಹತ್ತದ ಕಡೆ ಇಡಿ. ಓದು ಬಲ್ಲ ಮಕ್ಕಳಿಂದ ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳಿ. ಅದರಲ್ಲಿರುವ ಹೆಸರನ್ನೂ ಗಡಿಯನ್ನೂ ಈಗಿನ ಪಹಣಿಯೊಡನೆ ತಾಳೆ ನೋಡಿ. ವ್ಯತ್ಯಾಸ ಕಂಡರೆ ತಾಲ್ಲೂಕು ಕಚೇರಿಗೆ ಹೋಗಿ ವಿಚಾರಿಸಿ.