ಎಲ್ಲರ ಹಕ್ಕು, ಒಬ್ಬರ ದಾವೆ: ಸಂವಿಧಾನದ 21ನೇ ವಿಧಿ ಮತ್ತು ಕರ್ನಾಟಕದ ಮೂರು ಪ್ರಕರಣಗಳು

ಸಾರಾಂಶ

ಮನುಷ್ಯರಾಗಿ ಹುಟ್ಟಿದ ಪ್ರತಿಯೊಬ್ಬರಿಗೂ ಕೆಲವು ಹಕ್ಕುಗಳು ಸಮಾನವಾಗಿ ಸೇರಿವೆ ಎಂಬುದನ್ನು ವಿಶ್ವಸಂಸ್ಥೆ 1948ರಲ್ಲಿ ಸಾರಿತು. ಭಾರತದಲ್ಲಿ ಆ ಮಾತಿಗೆ ಕಾನೂನಿನ ಬಲ ಬಂದದ್ದು ಬಹುಮಟ್ಟಿಗೆ ಸಂವಿಧಾನದ 21ನೇ ವಿಧಿಯ ಮೂಲಕ. ಈ ಲೇಖನ ಕರ್ನಾಟಕದ ನಂಟುಳ್ಳ ಮೂರು ಪ್ರಕರಣಗಳನ್ನು ಒಟ್ಟಿಗೆ ಪರಿಶೀಲಿಸುತ್ತದೆ: ಮೋಹಿನಿ ಜೈನ್ (1992), ಸೆಲ್ವಿ (2010) ಮತ್ತು ಪುಟ್ಟಸ್ವಾಮಿ (2017). ಸಮಾಜದ ಸಹಾನುಭೂತಿ ಸುಲಭವಾಗಿ ಸಿಗದವರ ವಿಷಯದಲ್ಲಿ ಹಕ್ಕು ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದೇ ಅದರ ಸಾರ್ವತ್ರಿಕತೆಯ ಅಳತೆ ಎಂಬುದು ಇಲ್ಲಿನ ಮುಖ್ಯ ವಾದ. ಹೀಗಾಗಿ ಹಕ್ಕನ್ನು ಕೇಳಲು ಯಾರಿಗೆ ಶಕ್ತಿಯಿದೆ ಎಂಬ ಪ್ರಶ್ನೆಯನ್ನು ಹಕ್ಕಿನ ಪ್ರಶ್ನೆಯಿಂದ ಬೇರ್ಪಡಿಸಲಾಗದು.

1. 1948ರ ಡಿಸೆಂಬರ್: ಪ್ಯಾರಿಸ್ ಮತ್ತು ದೆಹಲಿ

1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಮಹಾಸಭೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. 48 ರಾಷ್ಟ್ರಗಳು ಪರವಾಗಿ ಮತ ನೀಡಿದವು. ವಿರುದ್ಧ ಒಂದೂ ಮತ ಬೀಳಲಿಲ್ಲ. ಸೋವಿಯತ್ ಬಣದ ರಾಷ್ಟ್ರಗಳು, ದಕ್ಷಿಣ ಆಫ್ರಿಕಾ ಮತ್ತು ಸೌದಿ ಅರೇಬಿಯ ಸೇರಿ ಎಂಟು ರಾಷ್ಟ್ರಗಳು ತಟಸ್ಥವಾಗಿ ಉಳಿದವು. ಘೋಷಣೆಯ 30 ವಿಧಿಗಳಲ್ಲಿ ಜೀವ, ಸ್ವಾತಂತ್ರ್ಯ, ಅಭಿವ್ಯಕ್ತಿಗಳ ಜೊತೆಗೆ ಶಿಕ್ಷಣ, ಉದ್ಯೋಗ, ಆರೋಗ್ಯಕ್ಕೆ ತಕ್ಕ ಜೀವನಮಟ್ಟ ಎಲ್ಲವೂ ಒಂದೇ ಸಾಲಿನಲ್ಲಿ ಕುಳಿತಿದ್ದವು.

ಅದೇ ವಾರ ದೆಹಲಿಯಲ್ಲಿ ನಮ್ಮ ಸಂವಿಧಾನ ರಚನಾ ಸಭೆ, ಇಂದು 21ನೇ ವಿಧಿ ಎಂದು ನಾವು ಓದುವ ಕರಡಿನ 15ನೇ ವಿಧಿಯನ್ನು ಚರ್ಚಿಸುತ್ತಿತ್ತು. ಚರ್ಚೆ ಡಿಸೆಂಬರ್ 6ರಂದು ಆರಂಭವಾಗಿ 13ರಂದು ಮುಗಿಯಿತು. ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನವನ್ನು ಅನುಸರಿಸಿದರೆ ಸಾಕು, ಸರ್ಕಾರ ಒಬ್ಬರ ಸ್ವಾತಂತ್ರ್ಯವನ್ನು ಕಸಿಯಬಹುದು ಎಂದು ಕರಡು ಹೇಳುತ್ತಿತ್ತು. ಆ ಕಾನೂನು ನ್ಯಾಯಯುತವೇ ಎಂದು ಕೇಳುವ ಅಧಿಕಾರ ನ್ಯಾಯಾಲಯಕ್ಕಿರಲಿ ಎಂದು ಹಲವು ಸದಸ್ಯರು ಒತ್ತಾಯಿಸಿದರು. ಕೆ.ಎಂ. ಮುನ್ಷಿ ಅವರಲ್ಲಿ ಪ್ರಮುಖರು. ತಿದ್ದುಪಡಿ ಬಿದ್ದುಹೋಯಿತು. ಎರಡೂ ಕಡೆಯ ಅಪಾಯಗಳನ್ನು ಬಿಡಿಸಿಟ್ಟ ಡಾ. ಬಿ.ಆರ್. ಅಂಬೇಡ್ಕರ್ ನಿರ್ಧಾರವನ್ನು ಸಭೆಗೇ ಬಿಟ್ಟರು. ಮುಂದಿನ ವರ್ಷ, ಇದರಿಂದ ಉಳಿದ ಕೊರತೆಯನ್ನು ತಕ್ಕಮಟ್ಟಿಗೆ ತುಂಬಲು, ಬಂಧಿತರಿಗೆ ಕೆಲವು ರಕ್ಷಣೆಗಳನ್ನು ಕೊಡುವ ಈಗಿನ 22ನೇ ವಿಧಿಯನ್ನು ತಂದರು.

ಈ ಕರಡಿನ ಹಿಂದೆ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಇದ್ದರು. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಅವರು 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಡನೆ ಈ ವಿಷಯ ಚರ್ಚಿಸಿದ್ದರು. ಕಾರ್ಮಿಕರ ಕೆಲಸದ ಅವಧಿ, ಕನಿಷ್ಠ ಕೂಲಿಗಳನ್ನು ಗೊತ್ತುಪಡಿಸಿದ ಕಾನೂನುಗಳನ್ನು ಅಮೆರಿಕದ ನ್ಯಾಯಾಲಯಗಳು ರದ್ದುಪಡಿಸಿದ ಇತಿಹಾಸ ರಾವ್ ಅವರಿಗೆ ತಿಳಿದಿತ್ತು. ಭೂಸುಧಾರಣೆಯಂಥ ಹೆಜ್ಜೆಗಳಿಗೂ ಅದೇ ಗತಿ ಬಾರದಿರಲಿ ಎಂಬ ಅವರ ಕಾಳಜಿ ನಿಜವಾದದ್ದು. ಆದರೆ ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ವಿಶ್ವಸಂಸ್ಥೆ ವ್ಯಕ್ತಿಯ ಸ್ವಾತಂತ್ರ್ಯವನ್ನು ಜಗತ್ತಿಗೆ ಸಾರಿದ ಮೂರೇ ದಿನಗಳಲ್ಲಿ ಭಾರತ ಅದೇ ಸ್ವಾತಂತ್ರ್ಯವನ್ನು ಶಾಸಕಾಂಗದ ವಿವೇಚನೆಗೆ ಒಪ್ಪಿಸಿತು.

ಸಂವಿಧಾನ ಇನ್ನೂ ಒಂದು ಗೆರೆ ಎಳೆಯಿತು. ಘೋಷಣೆಯಲ್ಲಿ ಒಟ್ಟಿಗಿದ್ದ ಹಕ್ಕುಗಳು ಇಲ್ಲಿ ಎರಡಾದವು. ನ್ಯಾಯಾಲಯದಲ್ಲಿ ಕೇಳಬಹುದಾದ ಮೂಲಭೂತ ಹಕ್ಕುಗಳು ಮೂರನೇ ಭಾಗಕ್ಕೆ ಸೇರಿದವು. ಶಿಕ್ಷಣ, ಜೀವನಾಧಾರದಂಥ ಬೇಡಿಕೆಗಳು ರಾಜ್ಯನೀತಿಯ ನಿರ್ದೇಶಕ ತತ್ವಗಳಾಗಿ ನಾಲ್ಕನೇ ಭಾಗಕ್ಕೆ ಹೋದವು. ಹೀಗಿದ್ದರೂ 21ನೇ ವಿಧಿಯಲ್ಲಿ ಒಂದು ಹಿರಿಮೆ ಉಳಿಯಿತು. 19ನೇ ವಿಧಿಯ ಸ್ವಾತಂತ್ರ್ಯಗಳು ಪ್ರಜೆಗಳಿಗೆ ಮಾತ್ರ. 21ನೇ ವಿಧಿಯ ರಕ್ಷಣೆ ಈ ನೆಲದಲ್ಲಿರುವ ಪ್ರತಿ ವ್ಯಕ್ತಿಗೂ ಸಲ್ಲುತ್ತದೆ.

2. ಮುಚ್ಚಿದ ಬಾಗಿಲು ತೆರೆದ ಬಗೆ

ಮೊದಲ ಮೂರು ದಶಕ ನಿರಾಸೆಯವು. 1950ರಲ್ಲಿ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತ 21ನೇ ವಿಧಿಯನ್ನು ಅಕ್ಷರಶಃ ಓದಿತು. ತುರ್ತುಪರಿಸ್ಥಿತಿಯಲ್ಲಿ ಅದರ ಫಲ ಕಾಣಿಸಿತು. 1975ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬಂಧನಕ್ಕೊಳಗಾದ ವಿರೋಧಪಕ್ಷದ ನಾಯಕರು ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿದರು. ಬಂಧಿತರ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಬಹುದು ಎಂದು ಎತ್ತಿಹಿಡಿದ ಒಂಬತ್ತು ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಆದರೆ 1976ರ ಏಪ್ರಿಲ್ 28ರಂದು ಎಡಿಎಂ ಜಬಲ್‌ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 4–1 ಬಹುಮತದಿಂದ ಆ ಬಾಗಿಲನ್ನು ಮುಚ್ಚಿತು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. 1978ರ ಮೇನಕಾ ಗಾಂಧಿ ತೀರ್ಪಿನಲ್ಲಿ ದಾರಿ ತಿರುಗಿತು. ಕಾರ್ಯವಿಧಾನ ಕಾನೂನಿನಲ್ಲಿದ್ದರೆ ಸಾಲದು, ಅದು ನ್ಯಾಯಯುತವೂ ಸಮಂಜಸವೂ ಆಗಿರಬೇಕು ಎಂದು ನ್ಯಾಯಾಲಯ ಹೇಳಿತು. 1948ರಲ್ಲಿ ಸಭೆ ತಿರಸ್ಕರಿಸಿದ್ದು ವ್ಯಾಖ್ಯಾನದ ಮೂಲಕ ಸಂವಿಧಾನದೊಳಕ್ಕೆ ಬಂತು.

ಮುಂದೆ ಈ ತೆರೆದ ಬಾಗಿಲಿನಿಂದ ಯಾರು ಯಾರು ಒಳಗೆ ಬಂದರು ಎಂಬುದು ನಮ್ಮ ಮೂರು ಪ್ರಕರಣಗಳ ವಿಷಯ.

3. ಪರರಾಜ್ಯದ ವಿದ್ಯಾರ್ಥಿನಿ: ಮೋಹಿನಿ ಜೈನ್

ಖಾಸಗಿ ವೃತ್ತಿಶಿಕ್ಷಣದ ಹಬ್ಬುವಿಕೆಯಲ್ಲಿ ಕರ್ನಾಟಕ ದೇಶಕ್ಕೇ ಮುಂದಿತ್ತು. ಅದರ ಬೆನ್ನಿಗೇ ಡೊನೇಷನ್ ಹಾವಳಿಯೂ ಬೆಳೆಯಿತು. ಅದನ್ನು ತಡೆಯಲು ರಾಜ್ಯ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಅದೇ ಕಾಯ್ದೆಯಡಿ 1989ರ ಜೂನ್‌ನಲ್ಲಿ ಹೊರಟ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕ ಗೊತ್ತುಪಡಿಸಿತು: ಸರ್ಕಾರಿ ಕೋಟಾದ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ. ತುಮಕೂರಿನ ಕಾಲೇಜೊಂದರಲ್ಲಿ ಎಂಬಿಬಿಎಸ್ ಸೀಟು ಬಯಸಿದ ಮೀರತ್‌ನ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು.

1992ರ ಜುಲೈ 30ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್ ಅವರ ಪೀಠ ತೀರ್ಪು ಕೊಟ್ಟಿತು. ಘನತೆಯಿಂದ ಬದುಕುವುದಕ್ಕೆ ಶಿಕ್ಷಣ ಬೇಕೇಬೇಕು. ಆದ್ದರಿಂದ ಶಿಕ್ಷಣದ ಹಕ್ಕು ಬದುಕುವ ಹಕ್ಕಿನಿಂದಲೇ ಹೊರಡುತ್ತದೆ. ಹಣವಿದ್ದವರಿಗೆ ಸೀಟು ಮಾರುವುದು ಸಮಾನತೆಯನ್ನು ಮುರಿಯುತ್ತದೆ. ತೀರ್ಪಿನ ಸಾರ ಇಷ್ಟು. ನಾಲ್ಕನೇ ಭಾಗದಲ್ಲಿ ಸರ್ಕಾರದ ಇಚ್ಛೆಗೆ ಬಿಟ್ಟಿದ್ದ ವಿಷಯ ಮೂರನೇ ಭಾಗದ ರಕ್ಷಣೆಗೆ ಬಂತು. ಪ್ರಕರಣ ತಂದ ವಿದ್ಯಾರ್ಥಿನಿಗೆ ಮಾತ್ರ ಸೀಟು ಸಿಗಲಿಲ್ಲ. ಆ ಸಾಲಿನ ತರಗತಿಗಳು ಆಗಲೇ ಆರಂಭವಾಗಿದ್ದವು, ಅವರ ಪ್ರವೇಶ ಅರ್ಹತೆಯ ಆಧಾರದ್ದಾಗಿರಲಿಲ್ಲ ಎಂದು ಪೀಠ ಆದೇಶ ಕೊಡಲು ನಿರಾಕರಿಸಿತು.

ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರ ಪೀಠ ಈ ಹಕ್ಕನ್ನು 14 ವರ್ಷದವರೆಗಿನ ಮಕ್ಕಳಿಗೆ ಖಚಿತಪಡಿಸಿ, ಅದರಾಚೆಗಿನ ಶಿಕ್ಷಣವನ್ನು ಸರ್ಕಾರದ ಆರ್ಥಿಕ ಶಕ್ತಿಗೆ ಬಿಟ್ಟಿತು. ಅಲ್ಲಿ ರೂಪಿಸಿದ ಪ್ರವೇಶ ಮತ್ತು ಶುಲ್ಕದ ಯೋಜನೆಯನ್ನು 2002ರಲ್ಲಿ, ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ, ಹನ್ನೊಂದು ಮಂದಿಯ ಪೀಠ ತಳ್ಳಿಹಾಕಿದರೂ ಮಕ್ಕಳ ಪ್ರಾಥಮಿಕ ಶಿಕ್ಷಣದ ಹಕ್ಕು ಅಲುಗಲಿಲ್ಲ. ಅದೇ ವರ್ಷ 86ನೇ ತಿದ್ದುಪಡಿ 21ಎ ವಿಧಿಯನ್ನು ಸೇರಿಸಿತು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವೈದ್ಯಕೀಯ ಸೀಟಿನ ಜಗಳವಾಗಿ ಆರಂಭವಾದದ್ದು ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿನ ಹಕ್ಕಾಗಲು ಹದಿನೆಂಟು ವರ್ಷ ಹಿಡಿಯಿತು.

4. ಆರೋಪಿಯ ಮನಸ್ಸು: ಸೆಲ್ವಿ

2000ದ ದಶಕದಲ್ಲಿ ಮಂಪರು ಪರೀಕ್ಷೆ ಎಂದೊಡನೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ನೆನಪಾಗುತ್ತಿತ್ತು. ಬೇರೆ ಬೇರೆ ರಾಜ್ಯಗಳ ಪೊಲೀಸರು ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. ನರಕ್ಕೆ ಸೋಡಿಯಂ ಪೆಂಟಥಾಲ್ ಕೊಟ್ಟು ಅರೆಪ್ರಜ್ಞೆಯಲ್ಲಿ ಮಾತಾಡಿಸುವ ಈ ವಿಧಾನದ ದೃಶ್ಯಗಳು ಟಿವಿ ವಾಹಿನಿಗಳಲ್ಲೂ ಬಿತ್ತರವಾದವು. ಲಾಠಿ ಏಟಿಗಿಂತ ಸೂಜಿ ಮೇಲು ಎಂದು ಎಷ್ಟೋ ಜನ ನಂಬಿದ್ದರು.

ಕರ್ನಾಟಕ ಹೈಕೋರ್ಟ್ 2004ರಲ್ಲಿ ಇಂಥ ಪರೀಕ್ಷೆಗಳನ್ನು ಒಪ್ಪಿತ್ತು. ಸೆಲ್ವಿ ಮತ್ತು ಇತರರ ಮೇಲ್ಮನವಿಗಳನ್ನು ಒಟ್ಟುಗೂಡಿಸಿ ಆಲಿಸಿದ ಸುಪ್ರೀಂ ಕೋರ್ಟ್ 2010ರ ಮೇ 5ರಂದು ಅದನ್ನು ಬದಲಿಸಿತು. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ಕರ್ನಾಟಕದವರೇ ಆದ ಆರ್.ವಿ. ರವೀಂದ್ರನ್ ಹಾಗೂ ಜೆ.ಎಂ. ಪಾಂಚಾಲ್ ಪೀಠದಲ್ಲಿದ್ದರು. ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ ಈ ಮೂರನ್ನೂ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದು ಪೀಠ ಹೇಳಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲವಂತ ಮಾಡಬಾರದೆಂಬ 20(3)ನೇ ವಿಧಿಯನ್ನು ಅದು 21ನೇ ವಿಧಿಯೊಡನೆ ಬೆಸೆದು ಓದಿತು. ಮಾತಾಡಬೇಕೋ ಸುಮ್ಮನಿರಬೇಕೋ ಎಂದು ನಿರ್ಧರಿಸುವ ಸ್ವಾತಂತ್ರ್ಯ ಮನಸ್ಸಿನ ಖಾಸಗಿತನದ ಭಾಗ ಎಂದು ಗುರುತಿಸಿತು.

ಈ ತೀರ್ಪಿನ ಬೆಲೆಯಿರುವುದು ಅದು ಯಾರನ್ನು ಕಾಪಾಡಿತು ಎಂಬುದರಲ್ಲಿ. ಘೋರ ಅಪರಾಧದ ಆರೋಪ ಹೊತ್ತವರ ಪರ ಬೀದಿಯಲ್ಲಿ ಯಾರೂ ಘೋಷಣೆ ಕೂಗುವುದಿಲ್ಲ. ತನಿಖೆ ಬೇಗ ಮುಗಿಯಲಿ ಎಂಬ ಸಾರ್ವಜನಿಕ ಆತುರ ಅವರ ಹಕ್ಕಿಗೆ ಎದುರಾಳಿಯಾಗಿಯೇ ಇರುತ್ತದೆ. ಆ ಆತುರ ಈಗಲೂ ತಗ್ಗಿಲ್ಲ. ಆರೋಪಿಗಳ ಮಂಪರು ಪರೀಕ್ಷೆಗೆ ಪಟ್ನಾ ಹೈಕೋರ್ಟ್ ತೋರಿದ ಸಮ್ಮತಿಯನ್ನು 2025ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿ ಸೆಲ್ವಿ ತೀರ್ಪನ್ನೇ ಪುನರುಚ್ಚರಿಸಬೇಕಾಯಿತು. ಚಿತ್ರಹಿಂಸೆಯ ವಿರುದ್ಧದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದ್ದರೂ ಅದನ್ನು ಸ್ಥಿರೀಕರಿಸಿಲ್ಲ. ನ್ಯಾಯಾಲಯ ಮುಂದೆ ಹೋಗಿದೆ. ಶಾಸಕಾಂಗ ಹಿಂದೆಯೇ ನಿಂತಿದೆ.

5. ನಿವೃತ್ತ ನ್ಯಾಯಮೂರ್ತಿಯ ಅರ್ಜಿ: ಪುಟ್ಟಸ್ವಾಮಿ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ಸಂಸತ್ತಿನ ಕಾನೂನಿಲ್ಲದೆ, ಕೇವಲ ಆಡಳಿತಾತ್ಮಕ ಆದೇಶದ ಬಲದಿಂದ ಕೋಟ್ಯಂತರ ಜನರ ಬೆರಳಚ್ಚು, ಕಣ್ಣಿನ ಗುರುತುಗಳನ್ನು ಆಧಾರ್‌ಗಾಗಿ ಸಂಗ್ರಹಿಸುವುದು ಸರಿಯೇ ಎಂಬುದು ಅವರ ಪ್ರಶ್ನೆ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು 2015ರಲ್ಲಿ ಕೇಂದ್ರ ಸರ್ಕಾರ ವಾದಿಸಿತು. 1954ರ ಎಂಟು ನ್ಯಾಯಮೂರ್ತಿಗಳ ಮತ್ತು 1962ರ ಆರು ನ್ಯಾಯಮೂರ್ತಿಗಳ ಪೀಠದ ತೀರ್ಪುಗಳು ಅದಕ್ಕೆ ಆಸರೆಯಾಗಿದ್ದವು. ಹಾಗಾಗಿ ಒಂಬತ್ತು ಮಂದಿಯ ಪೀಠವೇ ಬೇಕಾಯಿತು.

2017ರ ಆಗಸ್ಟ್ 24ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು. ಎಡಿಎಂ ಜಬಲ್‌ಪುರ ತೀರ್ಪನ್ನೂ ತಳ್ಳಿಹಾಕಿದರು. ಅಂದು ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡ್ ಅವರ ಮಗ ಡಿ.ವೈ. ಚಂದ್ರಚೂಡ್ ಅವರೇ ಆ ತೀರ್ಪು ತಪ್ಪೆಂದು ಬರೆದರು. ಸರ್ಕಾರ ಖಾಸಗಿತನದಲ್ಲಿ ಕೈಯಿಡಬೇಕಾದರೆ ಅದಕ್ಕೆ ಕಾನೂನಿರಬೇಕು, ಉದ್ದೇಶ ನ್ಯಾಯಸಮ್ಮತವಾಗಿರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಕಟ್ಟುಪಾಡು ನೆಲೆಗೊಂಡಿತು. ಮರುವರ್ಷ ಸಲಿಂಗ ಸಂಬಂಧವನ್ನು ಅಪರಾಧಮುಕ್ತಗೊಳಿಸಿದ ನವತೇಜ್ ಸಿಂಗ್ ಜೋಹರ್ ತೀರ್ಪಿಗೆ ಇದೇ ತಳಹದಿಯಾಯಿತು.

ಆದರೆ ಅರ್ಜಿಯ ಮೂಲ ಬೇಡಿಕೆ ಈಡೇರಿದ್ದು ಭಾಗಶಃ. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ 4–1 ಬಹುಮತದಿಂದ, ಅಷ್ಟರಲ್ಲಿ ಜಾರಿಗೆ ಬಂದಿದ್ದ ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತು. ಖಾಸಗಿ ಕಂಪನಿಗಳ ಬಳಕೆಗೆ ತಡೆ ಬಿತ್ತು. ಸರ್ಕಾರಿ ಸವಲತ್ತುಗಳಿಗೆ ಆಧಾರ್ ಕೇಳುವ 7ನೇ ಸೆಕ್ಷನ್ ಉಳಿಯಿತು. ಕಲ್ಲು ಹೊತ್ತು, ಕಳೆ ಕಿತ್ತು ಬೆರಳ ಗೆರೆ ಸವೆದವರಿಗೆ ನ್ಯಾಯಬೆಲೆ ಅಂಗಡಿಯ ಯಂತ್ರ ಅಕ್ಕಿ ನಿರಾಕರಿಸಿದರೆ, ಖಾಸಗಿತನದ ಜೊತೆಗೆ ಆಹಾರದ ಹಕ್ಕೂ ಹೋದಂತೆಯೇ. ಬೆರಳಚ್ಚು ಹೊಂದಲಿಲ್ಲವೆಂದು ಯಾರಿಗೂ ಸವಲತ್ತು ತಪ್ಪಬಾರದು ಎಂಬ ಕಾಳಜಿ ತೀರ್ಪಿನಲ್ಲಿದೆ. ಅದನ್ನು ಪಾಲಿಸಬೇಕಾದ ಜಾಗ ದೆಹಲಿಯಲ್ಲ, ಊರಿನ ಪಡಿತರ ಅಂಗಡಿ.

6. ವಿಶ್ಲೇಷಣೆ

ಮೂರನ್ನೂ ಒಟ್ಟಿಗಿಟ್ಟು ನೋಡಿದಾಗ ಎರಡು ಅಂಶಗಳು ತೋರುತ್ತವೆ.

ಮೊದಲನೆಯದು, ಹಕ್ಕು ಬೆಳೆದದ್ದು ಅಂಚಿನಲ್ಲಿ ನಿಂತವರ ಕಡೆಯಿಂದ. ಮೊದಲ ಪ್ರಕರಣದಲ್ಲಿ ಪರರಾಜ್ಯದವರು, ಎರಡನೆಯದರಲ್ಲಿ ಆರೋಪಿಗಳು, ಮೂರನೆಯದರ ಪರಿಣಾಮದಲ್ಲಿ ಸವಲತ್ತನ್ನೇ ನೆಚ್ಚಿ ಬದುಕುವ ಬಡವರು. ನಮ್ಮವರ ಹಕ್ಕನ್ನು ಒಪ್ಪಲು ತತ್ವ ಬೇಕಿಲ್ಲ, ಮಮತೆ ಸಾಕು. ಹೊರಗಿನವರ, ಅಪರಾಧಿಯೆಂದು ನಾವು ಆಗಲೇ ತೀರ್ಮಾನಿಸಿರುವವರ ಹಕ್ಕನ್ನು ಒಪ್ಪಬೇಕಾದಾಗಲೇ ಸಾರ್ವತ್ರಿಕತೆ ಎಂಬ ತತ್ವಕ್ಕೆ ಕೆಲಸ ಬೀಳುತ್ತದೆ. ಪಾಶ್ಚಾತ್ಯ ಕಲ್ಪನೆಯೊಂದನ್ನು ನಮ್ಮ ಮೇಲೆ ಹೇರಲಾಗಿದೆ ಎಂಬ ಆಕ್ಷೇಪಕ್ಕೂ ಇಲ್ಲಿ ಉತ್ತರವಿದೆ. ಈ ಹಕ್ಕುಗಳನ್ನು ಕೇಳಿದವರು ಇಲ್ಲಿನವರು, ಕೇಳಿದ ಕಾರಣಗಳು ಇಲ್ಲಿನ ಬದುಕಿನವು.

ಎರಡನೆಯದು, ಗೆಲುವು ಎಲ್ಲರದಾದರೂ ಹೊರೆ ಒಬ್ಬರದು. ಸೀಟು ಕೇಳಿದವರಿಗೆ ಸೀಟು ಸಿಗಲಿಲ್ಲ. ಸೆಲ್ವಿ ಮೇಲ್ಮನವಿಗಳು ಇತ್ಯರ್ಥವಾಗಲು ವರ್ಷಗಳೇ ಹಿಡಿದವು. ಆಧಾರ್ ಅರ್ಜಿ ಹಾಕಿದಾಗ ಪುಟ್ಟಸ್ವಾಮಿಯವರಿಗೆ ಎಂಬತ್ತು ದಾಟಿತ್ತು. ಅವರಿಗೆ ಕಾನೂನಿನ ಆಳವಾದ ತಿಳಿವಳಿಕೆಯಾದರೂ ಇತ್ತು. ಅದಿಲ್ಲದ ಜೀತದಾಳು, ಮಲದ ಗುಂಡಿಗೆ ಇಳಿಸಲ್ಪಟ್ಟ ಕಾರ್ಮಿಕ, ಠಾಣೆಯಲ್ಲಿ ಏಟು ತಿಂದ ಅಲೆಮಾರಿ ಯಾವ ಪೀಠದ ಮುಂದೆ ನಿಲ್ಲಬೇಕು? ಇವರ ರಕ್ಷಣೆಗೂ ಸ್ಪಷ್ಟ ಕಾನೂನುಗಳಿವೆ. ಆ ಕಾನೂನನ್ನು ತಮ್ಮ ಹೆಸರಿನಲ್ಲಿ ಕೇಳುವ ಬಲ ಅವರಲ್ಲಿಲ್ಲ.

7. ಉಪಸಂಹಾರ

ಹಕ್ಕುಗಳ ಚರ್ಚೆ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಮುಗಿಯಬಾರದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ–ಪಂಗಡಗಳವರಿಗೆ, ಬಂಧನದಲ್ಲಿರುವವರಿಗೆ ಉಚಿತ ವಕೀಲರ ನೆರವು ಕೊಡುತ್ತದೆ. ಈ ನೆರವನ್ನು ಜನರ ಬಳಿಗೆ ಒಯ್ಯಬೇಕಾದ ತಾಲೂಕು ಕಾನೂನು ಸೇವೆಗಳ ಸಮಿತಿ ಕರ್ನಾಟಕದಲ್ಲಿ ಮಾನವ ಹಕ್ಕುಗಳ ಅತ್ಯಂತ ಮುಖ್ಯ ಸಂಸ್ಥೆಯಾಗಬೇಕು. ತೀರ್ಪುಗಳ ಸಾರ ಅಲ್ಲಿ ಕನ್ನಡದಲ್ಲಿ ಸಿಗಬೇಕು. ಬಂಧಿತರಿಗೆ ಮೊದಲ ಗಂಟೆಗಳಲ್ಲೇ ವಕೀಲರು ದೊರೆಯಬೇಕು. ಪಡಿತರ ನಿಂತವರ ದೂರು ಅಲ್ಲಿ ದಾಖಲಾಗಬೇಕು. ಸಂಶೋಧಕರಾದ ನಾವೂ ಹೈಕೋರ್ಟಿನ ವರದಿಗಳ ಜೊತೆಗೆ ಈ ಸಮಿತಿಗಳ ಕಡತಗಳನ್ನು ಓದಬೇಕು: ಯಾರು ಬಂದರು, ಯಾರು ಬರಲಿಲ್ಲ, ಬಂದವರಿಗೆ ಏನು ಸಿಕ್ಕಿತು. ಪ್ರತಿ ವ್ಯಕ್ತಿಗೂ ಸಲ್ಲುತ್ತದೆ ಎಂದು ಸಂವಿಧಾನ ಕೊಟ್ಟಿರುವ ಮಾತು ಎಷ್ಟು ದೂರ ತಲುಪಿದೆ ಎಂಬುದಕ್ಕೆ ಪ್ರಾಮಾಣಿಕ ಉತ್ತರ ಆ ಕಡತಗಳಿಂದಲೇ ಬರಬೇಕು.