ಪಟ್ಟಿಯಲ್ಲಿ ಹೆಸರು: ನಮ್ಮ ಗಡಿಯ ಮಕ್ಕಳೂ ದೂರದ ಶಾಲೆಗಳೂ

ಉಮರ್ಗಾ, ನಿಲಂಗಾ, ಉದಗೀರ ಈ ಮೂರು ತಾಲೂಕುಗಳ ಕನ್ನಡ ಮನೆಗಳಲ್ಲಿ ಪ್ರತಿ ವರ್ಷವೂ ಕೆಲವು ವಾರಗಳು ಒಂದು ಬಗೆಯ ತಳಮಳದಲ್ಲಿ ಕಳೆಯುತ್ತವೆ. ತೊಗರಿಯ ಕಟಾವು ಮುಗಿದಿರುತ್ತದೆ. ಜೋಳದ ರಾಶಿಯೂ ಮನೆ ಸೇರಿರುತ್ತದೆ. ಆದರೂ ಹೊಲದಿಂದ ಮರಳಿದ ತಂದೆ ಕಾಲು ತೊಳೆಯುವ ಮೊದಲೇ ಕೇಳುವ ಮಾತು ಒಂದೇ: ‘ಪಟ್ಟಿ ಬಂತೇನು?’ ಐದನೆಯ ತರಗತಿಯಲ್ಲಿ ಓದುತ್ತಿರುವ ಮಗನೋ ಮಗಳೋ ನವೋದಯ ವಿದ್ಯಾಲಯದ ಪರೀಕ್ಷೆಗೆ ಕುಳಿತಿದ್ದರೆ ಆ ಮನೆಯವರಿಗೆಲ್ಲ ಬೇರೆ ಯೋಚನೆಯೇ ಇರುವುದಿಲ್ಲ. ಹಿಂದೆ ಪಟ್ಟಿಯನ್ನು ನೋಡಲು ಊರಿಂದೂರಿಗೆ ಹೋಗಬೇಕಾಗಿತ್ತು. ಈಗ ಮಗುವಿನ ಕ್ರಮಸಂಖ್ಯೆಯನ್ನೂ ಹುಟ್ಟಿದ ದಿನಾಂಕವನ್ನೂ ಮೊಬೈಲಿನಲ್ಲಿ ಒತ್ತಿ ನೋಡುತ್ತೇವೆ. ಸಾಧನವು ಬದಲಾಗಿದೆ, ಎದೆಯ ಬಡಿತವು ಬದಲಾಗಿಲ್ಲ.

ಈ ಕಾಯುವಿಕೆಯು ನಮ್ಮ ಕಾಲದಲ್ಲಿಯೇ ಹುಟ್ಟಿದುದೆಂದು ಅನೇಕರು ಭಾವಿಸಿದ್ದಾರೆ. ಆದರೆ ನಮ್ಮ ಗಡಿಯ ಮಕ್ಕಳು ಪ್ರಾಥಮಿಕ ಶಾಲೆಯನ್ನು ದಾಟಿದೊಡನೆ ‘ಮುಂದೆ ಎಲ್ಲಿಗೆ?’ ಎಂಬ ಪ್ರಶ್ನೆಯು ಎದುರಾಗಲು ತೊಡಗಿ ಮೂರು ನಾಲ್ಕು ತಲೆಮಾರುಗಳೇ ಸಂದುವು. ಆ ಚರಿತ್ರೆಯನ್ನು ಸಂಕ್ಷೇಪವಾಗಿ ನಮ್ಮ ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ.

ಈ ಭೂಮಿಗೆ ಕನ್ನಡವು ನಿನ್ನೆ ಮೊನ್ನೆ ಬಂದುದಲ್ಲ. ರಾಷ್ಟ್ರಕೂಟ ಅರಸರು ತಮ್ಮ ಶಾಸನಗಳಲ್ಲಿ ‘ಲತ್ತಲೂರ ಪುರವರಾಧೀಶ್ವರ’ರೆಂದು ತಮ್ಮನ್ನು ಕರೆದುಕೊಂಡರು. ಆ ಲತ್ತಲೂರು ಇಂದಿನ ಲಾತೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡ ನಾಡಿನ ಬಡಗಣ ಎಲ್ಲೆಯನ್ನು ಗೋದಾವರಿಯವರೆಗೆ ಹೇಳುತ್ತದೆ. ಕಲ್ಯಾಣದ ಚಾಲುಕ್ಯರ ರಾಜಧಾನಿಯಂತೂ ನಮ್ಮ ಉಮರ್ಗಾದ ನೆರೆಯಲ್ಲಿಯೇ ಇದ್ದಿತು. ಈ ಹಿರಿಮೆಯನ್ನು ನೆನೆಯುವುದು ಬರಿಯ ಜಂಬಕ್ಕಾಗಿ ಅಲ್ಲ. ಅರಸರು ಬಿರುದಿನಲ್ಲಿ ಧರಿಸಿದ ಆ ಊರಿಗೇ ಇಂದು ನಿಲಂಗಾ, ಉದಗೀರಗಳ ಕನ್ನಡ ಮಕ್ಕಳು ಒಂದು ಸ್ಥಾನವನ್ನು ಬೇಡಿ ಪರೀಕ್ಷೆ ಬರೆಯುತ್ತಾರೆಂಬುದು ಕಾಲದ ವೈಚಿತ್ರ್ಯ.

ನಿಜಾಮರ ಆಳ್ವಿಕೆಯಲ್ಲಿ ಉದಗೀರವೂ ನಿಲಂಗಾವೂ ಬೀದರ ಜಿಲ್ಲೆಗೆ ಸೇರಿದ್ದುವು. ಉಮರ್ಗಾವು ಉಸ್ಮಾನಾಬಾದ ಜಿಲ್ಲೆಗೆ ಸೇರಿದ್ದಿತು. ಅಂದಿನ ಹೈದರಾಬಾದು ಸಂಸ್ಥಾನದಲ್ಲಿ ಕೆಳಗಿನ ತರಗತಿಗಳಲ್ಲಿ ಮಗುವಿನ ಮಾತಿಗೆ ಅಷ್ಟಿಷ್ಟು ಎಡೆಯಿದ್ದರೂ ಮೇಲಿನ ಶಿಕ್ಷಣವು ಉರ್ದುವಿನಲ್ಲಿಯೇ ನಡೆಯುತ್ತಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ದೇಶಭಾಷೆಯೊಂದರಲ್ಲಿ ಉಚ್ಚ ಶಿಕ್ಷಣವನ್ನು ಕೊಟ್ಟ ಮೊದಲ ದೊಡ್ಡ ಪ್ರಯೋಗವೆಂದು ಹೆಸರಾಯಿತು. ಅದು ಮೆಚ್ಚತಕ್ಕ ಕಾರ್ಯವೇ ಸರಿ. ಆದರೆ ಕನ್ನಡ, ಮರಾಠಿ, ತೆಲುಗು ಮನೆಗಳ ಮಕ್ಕಳಿಗೆ ಆ ದೇಶಭಾಷೆಯೂ ಕಲಿತು ಗಳಿಸಬೇಕಾದ ಭಾಷೆಯೇ ಆಗಿದ್ದಿತು. ಹಳ್ಳಿಯ ಬಾಲಕನು ಮೊದಲು ಭಾಷೆಯ ಹೊಸ್ತಿಲನ್ನು ದಾಟಬೇಕು. ಆಮೇಲೆ ವಿದ್ಯೆಯ ಹೊಸ್ತಿಲನ್ನು ದಾಟಬೇಕು. ಹೆಣ್ಣುಮಕ್ಕಳ ವಿಷಯವನ್ನು ಹೇಳಬೇಕಾಗಿಯೇ ಇಲ್ಲ.

ಈ ಕೊರತೆಯನ್ನು ನೀಗಲು ಖಾಸಗಿಯವರು ಮುಂದಾದರು. 1907ರಲ್ಲಿ ಕಲಬುರ್ಗಿಯಲ್ಲಿ ನೂತನ ವಿದ್ಯಾಲಯವು ಹುಟ್ಟಿತು. ಉಮರ್ಗಾದ ನೆರೆಯ ಹಿಪ್ಪರಗಾ ಗ್ರಾಮದಲ್ಲಿ ರಾಷ್ಟ್ರೀಯ ಶಾಲೆಯೊಂದು ನಡೆಯಿತು. ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ 1903ರಲ್ಲಿ ಜನಿಸಿದ ಸ್ವಾಮಿ ರಮಾನಂದ ತೀರ್ಥರು ಆ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು ಅನಂತರ ಹೈದರಾಬಾದಿನ ವಿಮೋಚನೆಯ ನಾಯಕರಾದರು. ಅಂದಿನ ತಂದೆತಾಯಿಗಳು ಇಂತಹ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವಾಗ ಸರ್ಕಾರದ ಅವಕೃಪೆಗೂ ಸಿದ್ಧರಾಗಿರಬೇಕಾಗಿತ್ತು.

1938ರಲ್ಲಿ ನಡೆದ ವಂದೇ ಮಾತರಂ ಚಳವಳಿಯನ್ನು ಇಲ್ಲಿ ನೆನೆಯಬೇಕು. ಆ ಹಾಡನ್ನು ಹಾಡಿದ ಕಾರಣಕ್ಕಾಗಿ ಉಸ್ಮಾನಿಯಾದ ವಿದ್ಯಾರ್ಥಿಗಳನೇಕರು ಹೊರಗೆ ಹಾಕಲ್ಪಟ್ಟರು. ನಾಗಪುರದ ವಿಶ್ವವಿದ್ಯಾಲಯವು ಅವರಿಗೆ ಬಾಗಿಲು ತೆರೆಯಿತು. ಹೀಗೆ ಸ್ಥಾನವನ್ನು ಕಳೆದುಕೊಂಡು ದೂರದೂರಿನಲ್ಲಿ ಸ್ಥಾನವನ್ನು ಪಡೆದವರಲ್ಲಿ ಪಿ. ವಿ. ನರಸಿಂಹರಾಯರೂ ಒಬ್ಬರು. ಅವರು 1971ರಲ್ಲಿ ಆಂಧ್ರದಲ್ಲಿ ಅಧಿಕಾರದಲ್ಲಿದ್ದಾಗ ಸರ್ವೇಲ ಎಂಬ ಹಳ್ಳಿಯಲ್ಲಿ ಪ್ರತಿಭಾವಂತ ಬಡಮಕ್ಕಳಿಗಾಗಿ ವಸತಿ ಶಾಲೆಯು ಆರಂಭವಾಯಿತು. 1985ರಲ್ಲಿ ಅವರು ಕೇಂದ್ರದ ಮಾನವ ಸಂಪನ್ಮೂಲ ಸಚಿವರಾದರು. ಅದೇ ಕಾಲದಲ್ಲಿ ನವೋದಯ ವಿದ್ಯಾಲಯಗಳ ಯೋಜನೆಯು ರೂಪುಗೊಂಡಿತು.

ಆದರೆ ಅದಕ್ಕೆ ಮೊದಲೇ ನಮ್ಮ ಸೀಮೆಯ ನಕ್ಷೆಯು ಬದಲಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ 1ರಂದು ಬೀದರ ಜಿಲ್ಲೆಯು ಮೂರು ಪಾಲಾಯಿತು. ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದುವು. ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ ಹೋದುವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಸೇರಿ ಉಸ್ಮಾನಾಬಾದ ಜಿಲ್ಲೆಯ ಭಾಗಗಳಾದುವು. 1960ರ ಮೇ 1ರಂದು ಮಹಾರಾಷ್ಟ್ರವು ಉದಯಿಸಿತು. 1982ರ ಆಗಸ್ಟ 16ರಂದು ಲಾತೂರು ಜಿಲ್ಲೆಯು ಬೇರ್ಪಟ್ಟಾಗ ನಿಲಂಗಾ, ಉದಗೀರಗಳು ಅದಕ್ಕೆ ಸೇರಿ, ಉಮರ್ಗಾ ಮಾತ್ರ ಉಸ್ಮಾನಾಬಾದದಲ್ಲಿ, ಎಂದರೆ ಇಂದಿನ ಧಾರಾಶಿವದಲ್ಲಿ, ಉಳಿಯಿತು. ಬೀದರವನ್ನು ತಮ್ಮ ಜಿಲ್ಲೆಯ ಊರೆಂದು ತಿಳಿದಿದ್ದ ಉದಗೀರದವರು ಒಂದೇ ಆಯುಷ್ಯದಲ್ಲಿ ಮೂರು ಜಿಲ್ಲಾ ಕಚೇರಿಗಳ ಮೆಟ್ಟಿಲು ಹತ್ತಿದರು.

ರಾಜ್ಯಗಳು ಭಾಷೆಯ ಮೇಲೆ ವಿಂಗಡವಾದಾಗ ಅಂಚಿನಲ್ಲಿ ಉಳಿದವರ ಗತಿಯೇನೆಂಬುದನ್ನು ರಾಷ್ಟ್ರದ ಹಿರಿಯರು ಮರೆತಿರಲಿಲ್ಲ. 1949ರ ಶಿಕ್ಷಣ ಸಚಿವರ ಸಮ್ಮೇಳನವು ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕೊಡಬೇಕೆಂದು ನಿಶ್ಚಯಿಸಿತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಅನುಚ್ಛೇದವು ಅದಕ್ಕೆ ಬಲವನ್ನಿತ್ತಿತು. ಪ್ರೌಢ ಶಾಲೆಗೆ ಮಾತ್ರ ಅಳತೆಗೋಲು ಹಿರಿದಾಯಿತು: ಮೇಲಿನ ನಾಲ್ಕು ತರಗತಿಗಳಲ್ಲಿ 60 ಮಕ್ಕಳು, ಒಂದೊಂದರಲ್ಲಿಯೂ 15 ಮಕ್ಕಳು ಬೇಕೆಂಬುದು ಬಳಿಕ ಒಪ್ಪಿತವಾದ ಕ್ರಮ. ಸಂವಿಧಾನದ ಮಾತು ಪ್ರಾಥಮಿಕ ಹಂತಕ್ಕೇ ನಿಂತಿತೆಂಬುದನ್ನು ನಾವು ಗಮನಿಸಬೇಕು. ನಮ್ಮ ಕಷ್ಟದ ಬೇರು ಅಲ್ಲಿಯೇ ಇದೆ. ಆಳೂರು, ಅಚಲೇರ, ಕೇಸರಜವಳಗಾಗಳಂತಹ ಊರುಗಳಲ್ಲಿ ಕನ್ನಡವು ಮನೆಯ ಮಾತಾಗಿ ಬಾಳಿದೆ. ಆದರೆ ಮೇಲಿನ ತರಗತಿಗಳಿಗೆ ಹೋದಂತೆಲ್ಲ ನಮ್ಮ ಮಕ್ಕಳ ಎಣಿಕೆಯು ತೆಳುವಾಗುತ್ತದೆ. ಎಣಿಕೆ ತೆಳುವಾದೊಡನೆ ಹಕ್ಕೂ ತೆಳುವಾಗುತ್ತದೆ.

ಮಹಾರಾಷ್ಟ್ರ ಸರ್ಕಾರವು ಮಾಡಿದ ಉಪಕಾರವನ್ನೂ ಹೇಳದಿದ್ದರೆ ಅನ್ಯಾಯವಾದೀತು. 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚುಹಾಕುತ್ತ ಬಂದಿದೆ. ಬಹುಕಾಲ ನಾಲ್ಕನೆಯ ಮತ್ತು ಏಳನೆಯ ತರಗತಿಗಳಿಗೆ ನಡೆದ ಶಿಷ್ಯವೃತ್ತಿ ಪರೀಕ್ಷೆಯನ್ನು ನಮ್ಮ ಮಕ್ಕಳು ಕನ್ನಡದಲ್ಲಿಯೇ ಬರೆಯಲು ಅವಕಾಶವಿದ್ದಿತು. ಪಟ್ಟಿಗಾಗಿ ಕಾಯುವುದನ್ನು ನಮ್ಮ ಹಿರಿಯರು ಮೊದಲು ಕಲಿತುದು ಆ ಪರೀಕ್ಷೆಯಿಂದ. ಇನ್ನೊಂದು ಬಗೆಯ ಶಾಲೆಯೂ ಹುಟ್ಟಿತ್ತು. ದೇಶದ ಮೊದಲ ಸೈನಿಕ ಶಾಲೆಯು 1961ರಲ್ಲಿ ಸಾತಾರೆಯಲ್ಲಿ ಆರಂಭವಾಯಿತು. 1963ರಲ್ಲಿ ವಿಜಾಪುರದ ಸೈನಿಕ ಶಾಲೆಯು ಬಂದಿತು. ಅಲ್ಲಿಯೂ ಪರೀಕ್ಷೆ, ಅಲ್ಲಿಯೂ ಪಟ್ಟಿ.

ಮಕ್ಕಳನ್ನು ಹನ್ನೊಂದರ ವಯಸ್ಸಿನಲ್ಲಿ ಸೋಸುವ ಪದ್ಧತಿಯು ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯಿದೆಯ ತರುವಾಯ ‘ಇಲೆವನ್ ಪ್ಲಸ್’ ಪರೀಕ್ಷೆಯು ಮಕ್ಕಳನ್ನು ಗ್ರಾಮರ್ ಶಾಲೆಗೂ ಇತರ ಶಾಲೆಗಳಿಗೂ ಬೇರ್ಪಡಿಸಿತು. ಎಳೆಯ ವಯಸ್ಸಿನ ಒಂದು ದಿನದ ಬರಹದಿಂದ ಬಾಳಿನ ದಾರಿಯನ್ನು ನಿರ್ಣಯಿಸುವುದು ನ್ಯಾಯವೇ ಎಂಬ ವಾದವು ಅಲ್ಲಿ ಬೆಳೆದು, 1965ರಿಂದೀಚೆಗೆ ಬಹುಭಾಗದಲ್ಲಿ ಆ ಪದ್ಧತಿಯು ಹಿಂದೆ ಸರಿಯಿತು. ನಮ್ಮಲ್ಲಿ ಆ ವಾದಕ್ಕೆ ಇನ್ನೊಂದು ಮುಖವಿದೆ. ಹಳ್ಳಿಯ ಬಡ ಮಗುವಿಗೆ ಒಳ್ಳೆಯ ಶಾಲೆಯ ಬಾಗಿಲನ್ನು ತೆರೆದುದೂ ಈ ಪರೀಕ್ಷೆಯೇ.

ನವೋದಯದ ಮೊದಲ ಎರಡು ಶಾಲೆಗಳು 1985-86ರಲ್ಲಿ ಹರಿಯಾಣದ ಝಜ್ಜರ ಮತ್ತು ಮಹಾರಾಷ್ಟ್ರದ ಅಮರಾವತಿಗಳಲ್ಲಿ ಪ್ರಾರಂಭವಾದುವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಜಿಲ್ಲೆಗೊಂದು ಶಾಲೆಯನ್ನು ಉದ್ದೇಶಿಸಿತು. ಆರನೆಯ ತರಗತಿಯಿಂದ ಹನ್ನೆರಡರವರೆಗೆ ಓದು. ಊಟ, ವಸತಿ, ಪುಸ್ತಕ, ಉಡುಪು ಉಚಿತ. ಸ್ಥಾನಗಳಲ್ಲಿ ಕನಿಷ್ಠ ಶೇಕಡಾ 75 ಗ್ರಾಮೀಣ ಮಕ್ಕಳಿಗೆ. ಮೂರನೆಯ ಒಂದು ಪಾಲು ಹೆಣ್ಣುಮಕ್ಕಳಿಗೆ. ಈಚಿನ ವರ್ಷಗಳಲ್ಲಿ ಪರೀಕ್ಷೆಯು ಎರಡು ಗಂಟೆಯದು. 80 ಪ್ರಶ್ನೆಗಳು, 100 ಅಂಕಗಳು. ಅದರಲ್ಲಿ ಅರ್ಧವು ಬುದ್ಧಿಶಕ್ತಿಗೆ, ಉಳಿದುದು ಅಂಕಗಣಿತಕ್ಕೂ ಭಾಷೆಗೂ. ಒಂದು ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಕಠಿಣವಾದ ನಿಯಮ ಮತ್ತೊಂದಿದೆ: ಒಮ್ಮೆ ಬರೆದವರು ಮತ್ತೆ ಬರೆಯುವಂತಿಲ್ಲ. ಆ ದಿನ ಜ್ವರ ಬಂದ ಮಗುವಿಗೂ, ಭಯದಿಂದ ಕೈ ನಡುಗಿದ ಮಗುವಿಗೂ ಎರಡನೆಯ ಅವಕಾಶವಿಲ್ಲ. ಮನೆಯವರ ತಳಮಳಕ್ಕೆ ಇದೇ ಮುಖ್ಯ ಕಾರಣ.

ಇನ್ನು ಸ್ಥಾನದ ಹಂಚಿಕೆ. ಮಗುವು ಯಾವ ಜಿಲ್ಲೆಯಲ್ಲಿ ವಾಸವಾಗಿದ್ದು ಓದುತ್ತಿದೆಯೋ ಆ ಜಿಲ್ಲೆಯ ನವೋದಯಕ್ಕೇ ಅದು ಅರ್ಹ. ಬೀದರ ಜಿಲ್ಲೆಯ ನವೋದಯವು ಬಸವಕಲ್ಯಾಣದ ಬಳಿಯ ನಾರಾಯಣಪುರದಲ್ಲಿದೆ, ಧಾರಾಶಿವದ್ದು ತುಳಜಾಪುರದಲ್ಲಿ, ಲಾತೂರಿನದು ಲಾತೂರಿನಲ್ಲಿ. ಉಮರ್ಗಾದವರಿಗೆ ಬಸವಕಲ್ಯಾಣವೇ ಹತ್ತಿರ. ನೆಂಟಸ್ತಿಕೆಯೂ ಸಂತೆಯೂ ಆ ಕಡೆಗೇ. ಆದರೆ ನಮ್ಮ ಮಗುವಿನ ಅರ್ಜಿಯು ತುಳಜಾಪುರದ ದಾರಿಯನ್ನು ಹಿಡಿಯುತ್ತದೆ. ಭವಾನಿಯ ಸನ್ನಿಧಿಯ ಆ ಊರನ್ನು ನಾವು ಪರವೂರೆಂದು ಎಣಿಸುವುದಿಲ್ಲ. ಆದರೆ ಗಡಿಯ ಗೆರೆಯು ಮಗುವಿನ ಪೆಟ್ಟಿಗೆ ಯಾವ ಕಡೆಗೆ ಹೋಗಬೇಕೆಂಬುದನ್ನೂ ನಿರ್ಣಯಿಸುತ್ತದೆಂಬುದು ನಿಜ.

ಹೆಸರು ಬಂದ ಮೇಲೆ ಮತ್ತೊಂದು ಪ್ರಶ್ನೆಯು ಏಳುತ್ತದೆ. ನವೋದಯದಲ್ಲಿ ಮೊದಲ ವರ್ಷಗಳ ಪಾಠವು ಪ್ರದೇಶದ ಭಾಷೆಯಲ್ಲಿ. ಆಮೇಲೆ ಗಣಿತ, ವಿಜ್ಞಾನಗಳು ಇಂಗ್ಲಿಷಿನಲ್ಲಿ, ಸಮಾಜ ವಿಷಯಗಳು ಹಿಂದಿಯಲ್ಲಿ. ಒಂಬತ್ತನೆಯ ತರಗತಿಯ ಕೆಲವರನ್ನು ಹಿಂದಿಯ ನಾಡಿಗೆ ಒಂದು ವರ್ಷ ಕಳುಹಿಸುವ ಕ್ರಮವೂ ಇದೆ. ತುಳಜಾಪುರ, ಲಾತೂರುಗಳಲ್ಲಿ ಪ್ರದೇಶದ ಭಾಷೆಯು ಮರಾಠಿ. ಹಾಗಾದರೆ ಕನ್ನಡ ಶಾಲೆಯಿಂದ ಹೋದ ಮಗುವು ಹನ್ನೊಂದನೆಯ ವಯಸ್ಸಿನಲ್ಲಿ ಕನ್ನಡದ ಪುಸ್ತಕವನ್ನು ಮುಚ್ಚಿದರೆ ಮತ್ತೆ ತೆರೆಯುವುದು ಯಾವಾಗ? ಇದನ್ನು ಮೊದಲೇ ಕಂಡ ಕೆಲವು ತಂದೆತಾಯಿಗಳು ಮಗುವನ್ನು ಒಂದನೆಯ ತರಗತಿಯಲ್ಲಿಯೇ ಮರಾಠಿ ಇಲ್ಲವೆ ಇಂಗ್ಲಿಷ್ ಶಾಲೆಗೆ ಹಾಕುತ್ತಾರೆ. ಅವರನ್ನು ನಾವು ದೂಷಿಸಲಾರೆವು. ಮಗುವಿನ ಹಿತವನ್ನು ಬಯಸುವುದು ಅವರ ಧರ್ಮ. ಆದರೆ ಹಾಗೆ ಹೋದ ಪ್ರತಿಯೊಂದು ಮಗುವಿನಿಂದಲೂ ಊರ ಕನ್ನಡ ಶಾಲೆಯ ಎಣಿಕೆಯು ಒಂದೊಂದು ಕಡಿಮೆಯಾಗುತ್ತದೆ. ಹತ್ತು, ನಲವತ್ತುಗಳ ಆ ಹಳೆಯ ಲೆಕ್ಕವು ನಮಗೆ ವಿರುದ್ಧವಾಗಿ ನಿಲ್ಲುತ್ತದೆ. ಒಂದು ಮನೆಯ ಲಾಭವೂ ಒಂದು ಊರಿನ ನಷ್ಟವೂ ಹೀಗೆ ಒಂದೇ ಅರ್ಜಿಯಲ್ಲಿ ಸೇರಿಕೊಂಡಿವೆ.

ಇದಕ್ಕೆ ಸುಲಭವಾದ ಪರಿಹಾರವು ನಮಗೆ ತೋರದು. ಆದರೂ ನಮ್ಮ ಕೈಯಲ್ಲಿರುವ ಕೆಲಸಗಳು ಕೆಲವಿವೆ. ನವೋದಯದ ಪರೀಕ್ಷೆಯನ್ನು ಬರೆಯಬಹುದಾದ ಭಾಷೆಗಳಲ್ಲಿ ಕನ್ನಡವೂ ಒಂದು. ಅರ್ಜಿ ತುಂಬುವಾಗಲೇ ಮಾಧ್ಯಮದ ನಿಯಮಗಳನ್ನು ಚೆನ್ನಾಗಿ ವಿಚಾರಿಸಿ ತಿಳಿದುಕೊಳ್ಳಬೇಕು. ಲಾತೂರಿನ ಖಾಸಗಿ ತರಗತಿಗಳಿಗೆ ಹಣ ತೆರಲಾರದ ಮನೆಯ ಮಕ್ಕಳಿಗೆ ಓದಿದ ತರುಣರು ಸಂಜೆಯ ಹೊತ್ತು ಗಣಿತವನ್ನು ಹೇಳಿಕೊಡಬಹುದು. ದೂರದ ಶಾಲೆಗೆ ಹೋದ ಮಗುವು ರಜೆಗೆ ಬಂದಾಗ ಅಜ್ಜಿಯ ಮುಂದೆ ದಿನಕ್ಕೊಂದು ಪುಟ ಕನ್ನಡವನ್ನು ಓದಲಿ. ಊರಿಗೆ ಬರೆಯುವ ಕಾಗದವು ಕನ್ನಡದಲ್ಲಿರಲಿ.

ಪಟ್ಟಿಯಲ್ಲಿ ಹೆಸರು ಬಾರದ ಮಕ್ಕಳೇ ಯಾವಾಗಲೂ ಬಹುಸಂಖ್ಯಾತರು. ಅವರು ಮರುದಿನವೂ ಅದೇ ಶಾಲೆಗೆ, ಅದೇ ಗುರುಗಳ ಬಳಿಗೆ ಹೋಗುತ್ತಾರೆ. ಆ ದಿನ ಮನೆಯಲ್ಲಿ ಅವರಿಗೆ ಕಟುವಾದ ಮಾತು ಕೇಳಿಸದಿರಲಿ. ನಮ್ಮ ಹಿರಿಯರಲ್ಲಿ ಅನೇಕರಿಗೆ ಯಾವ ಪಟ್ಟಿಯಲ್ಲಿಯೂ ಹೆಸರಿರಲಿಲ್ಲ. ಆದರೂ ಮೂರು ಜಿಲ್ಲೆ, ಮೂರು ರಾಜ್ಯಗಳ ಆಡಳಿತದಲ್ಲಿ ಕನ್ನಡದ ಶಾಲೆಗಳನ್ನು ಉಳಿಸಿಕೊಂಡು ಬಂದವರು ಅವರೇ. ಆಯ್ಕೆಯಾದ ಮಗುವಿಗೆ ನಮ್ಮ ಹರಕೆ; ಊರಲ್ಲಿ ಉಳಿದ ಮಗುವಿಗೆ ಒಳ್ಳೆಯ ಶಾಲೆಯನ್ನು ಉಳಿಸಿಕೊಡುವುದು ನಮ್ಮೆಲ್ಲರ ಹೊಣೆ.